ಕಾಲಿಟನ್ ಪ್ಯಾರಿಷ್‌ನ ಮದುವೆ ಪುಸ್ತಕ

ಇಂಗ್ಲೆಂಡಿನ ನೈರುತ್ಯದ ಡೆವನ್ ಕೌಂಟಿಯಲ್ಲಿ, ಕಡಲ ದಂಡೆಯಿಂದ ಕೆಲವೇ ಮೈಲಿ ಒಳಗೆ ಕಾಲಿಟನ್ ಎಂಬ ಊರಿದೆ. ಕಾಲಿ ಎಂಬ ಸಣ್ಣ ಹೊಳೆ ಊರನ್ನು ಬಳಸಿಕೊಂಡು ಹೋಗಿ ಆಕ್ಸ್ ನದಿಗೆ ಸೇರುತ್ತದೆ. ಸುತ್ತ ದನ, ಕುರಿ ಮೇಯುವ ಹುಲ್ಲುಗಾವಲಿನ ಗುಡ್ಡಗಳಿವೆ. ಊರಿನ ನಡುವೆ ಸಂತ ಆಂಡ್ರೂ ಚರ್ಚು, ಅದರ ನೆತ್ತಿಯ ಮೇಲೆ ಎಂಟು ಮುಖದ ಗೋಪುರ. ನೋಡಲು ಇಂಗ್ಲೆಂಡಿನ ನೂರಾರು ಹಳ್ಳಿಗಳಂತೆಯೇ ಇರುವ ಈ ಊರಿನ ಹೆಸರು ಜನಸಂಖ್ಯೆಯ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆಲ್ಲ ಪರಿಚಿತ. 1538ರಿಂದ 1837ರವರೆಗಿನ ಮುನ್ನೂರು ವರ್ಷ ಇಲ್ಲಿನ ಚರ್ಚಿನವರು ಬರೆದಿಟ್ಟ ಮದುವೆ, ದೀಕ್ಷಾಸ್ನಾನ ಮತ್ತು ಸಮಾಧಿಯ ದಾಖಲೆಗಳು ಅಪರೂಪ ಎನ್ನುವಷ್ಟು ಪೂರ್ಣವಾಗಿ ಉಳಿದು ಬಂದಿವೆ. ಹಿಂದಿನ ಕಾಲದ ಸಾಮಾನ್ಯ ಇಂಗ್ಲಿಷ್ ಜನ ಯಾವ ವಯಸ್ಸಿಗೆ ಮದುವೆಯಾಗುತ್ತಿದ್ದರು, ಎಷ್ಟು ಮಕ್ಕಳನ್ನು ಹೆರುತ್ತಿದ್ದರು ಎಂಬ ಪ್ರಶ್ನೆಗೆ ಊಹೆಯನ್ನು ಬಿಟ್ಟು ಲೆಕ್ಕದ ಉತ್ತರ ಸಿಕ್ಕಿದ್ದು ಈ ಪುಸ್ತಕಗಳಿಂದ.

ಪ್ಯಾರಿಷ್ ಎಂದರೆ ಒಂದು ಚರ್ಚಿಗೂ ಅದರ ಪಾದ್ರಿಗೂ ಸೇರಿದ ಊರು ಮತ್ತು ಸುತ್ತಲಿನ ಹೊಲಮನೆಗಳ ಸೀಮೆ. ಆರಂಭದಲ್ಲಿ ಅದು ಬರೀ ಧರ್ಮದ ವಿಭಾಗವಾಗಿತ್ತು. ಹದಿನಾರನೇ ಶತಮಾನದಿಂದ ಬಡವರ ಪೋಷಣೆ, ರಸ್ತೆ ರಿಪೇರಿ, ಅದಕ್ಕೆ ಬೇಕಾದ ತೆರಿಗೆ ವಸೂಲಿ ಎಲ್ಲ ಅದರ ಹೆಗಲಿಗೆ ಬಿತ್ತು. ಹಾಗಾಗಿ ಹಳ್ಳಿಯ ಮನುಷ್ಯನಿಗೆ ಸರ್ಕಾರ ಎಂದರೆ ಬಹುಮಟ್ಟಿಗೆ ಅವನ ಪ್ಯಾರಿಷ್ಷೇ.

ಕಾಲಿಟನ್ ಈ ಅಧಿಕಾರವನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳಲು ಹೆಣಗಿದ ಊರು. ಅದರ ಜಮೀನಿನ ದೊಡ್ಡ ಭಾಗ ಎಕ್ಸೆಟರಿನ ಮಾರ್ಕ್ವೆಸ್ ಹೆನ್ರಿ ಕೋರ್ಟ್ನಿಯದಾಗಿತ್ತು. ಎಂಟನೇ ಹೆನ್ರಿ ದೊರೆಯ ಕೋಪಕ್ಕೆ ಗುರಿಯಾಗಿ ಅವನು ತಲೆ ಕಳೆದುಕೊಂಡಾಗ ಆಸ್ತಿ ರಾಜನ ವಶವಾಯಿತು. 1546ರಲ್ಲಿ ಊರಿನ ಇಪ್ಪತ್ತು ಮಂದಿ ರೈತರು, ವ್ಯಾಪಾರಿಗಳು ಸೇರಿ ಸಾವಿರ ಪೌಂಡು ಕೊಟ್ಟು ಆ ಜಮೀನಿನ ಒಂದು ಪಾಲನ್ನು ಊರಿಗಾಗಿ ಕೊಂಡರು. ಅದನ್ನು ನೋಡಿಕೊಳ್ಳಲು ಹುಟ್ಟಿದ ಫಿಯಫಿಗಳ, ಅಂದರೆ ಆಸ್ತಿಯ ಧರ್ಮದರ್ಶಿಗಳ, ಮಂಡಳಿ ಇವತ್ತಿಗೂ ಇದೆ. ಅದೇ ಏರ್ಪಾಟಿನಲ್ಲಿ ತೆರೆದ ಗ್ರಾಮರ್ ಶಾಲೆಯೂ ನಡೆಯುತ್ತಿದೆ. ನೂರು ವರ್ಷದ ಬಳಿಕ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಗದ್ದಲದ ನಡುವೆ, 1645ರ ನವೆಂಬರಿನಲ್ಲಿ ಪ್ಲೇಗ್ ಬಂತು. ಒಂದೇ ವರ್ಷದಲ್ಲಿ 390ಕ್ಕೂ ಹೆಚ್ಚು ಹೆಸರುಗಳು ಸಮಾಧಿಯ ಪುಸ್ತಕಕ್ಕೆ ಸೇರಿದವು. ಊರಿನ ಐದರಲ್ಲೊಂದು ಪಾಲು ಜನ ಹೋಗಿದ್ದರು. 1685ರಲ್ಲಿ ಡ್ಯೂಕ್ ಆಫ್ ಮನ್ಮತ್ ಹತ್ತಿರದ ಲೈಮ್ ರೀಜಿಸ್ ಬಂದರಿನಲ್ಲಿ ಇಳಿದು ರಾಜನ ವಿರುದ್ಧ ದಂಗೆಯೆದ್ದಾಗ ನೂರಕ್ಕೂ ಹೆಚ್ಚು ಕಾಲಿಟನ್ ಗಂಡಸರು ಅವನ ಜೊತೆ ಹೋದರು. ದಂಗೆ ಸೋತಿತು, ಕೆಲವರು ಗಲ್ಲಿಗೇರಿದರು, ಕೆಲವರು ವೆಸ್ಟ್ ಇಂಡೀಸಿನ ತೋಟಗಳಿಗೆ ಗಡೀಪಾರಾದರು. ಡೆವನ್ನಿನ ಅತಿ ಬಂಡಾಯಗಾರ ಊರು ಎಂಬ ಹೆಸರು ಮಾತ್ರ ಶಾಶ್ವತವಾಗಿ ಉಳಿಯಿತು.

ರಿಜಿಸ್ಟರಿನ ಕಥೆ ಶುರುವಾಗುವುದು 1538ರ ಸೆಪ್ಟೆಂಬರಿನಲ್ಲಿ. ಚರ್ಚಿನ ವ್ಯವಹಾರಗಳಲ್ಲಿ ಎಂಟನೇ ಹೆನ್ರಿಯ ಪ್ರತಿನಿಧಿಯಾಗಿದ್ದ ಥಾಮಸ್ ಕ್ರಾಮ್‌ವೆಲ್, ಪ್ರತಿ ಪ್ಯಾರಿಷ್ಷೂ ಒಂದು ಪುಸ್ತಕ ಇಡಬೇಕೆಂದು ಆಜ್ಞೆ ಮಾಡಿದ. ಆ ವಾರದ ಮದುವೆ, ದೀಕ್ಷಾಸ್ನಾನ, ಸಮಾಧಿಗಳನ್ನು ಪಾದ್ರಿ ಭಾನುವಾರ ಚರ್ಚಿನ ವಾರ್ಡನ್‌ನ ಎದುರಿಗೆ ಬರೆಯಬೇಕು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು. ಒಂದು ಬೀಗದ ಕೈ ಪಾದ್ರಿಯ ಬಳಿ, ಇನ್ನೊಂದು ವಾರ್ಡನ್‌ಗಳ ಬಳಿ. ತಪ್ಪಿದರೆ ಮೂರು ಶಿಲಿಂಗ್ ನಾಲ್ಕು ಪೆನ್ಸ್ ದಂಡ, ಅದು ಚರ್ಚಿನ ದುರಸ್ತಿಗೆ. ಜನ ಇದನ್ನು ನಂಬಲಿಲ್ಲ. ಹುಟ್ಟಿಗೆ, ಮದುವೆಗೆ, ಸಾವಿಗೆ ಹೊಸ ತೆರಿಗೆ ಹಾಕುವ ಸಂಚು ಇದು ಎಂದು ಡೆವನ್ ಮತ್ತು ಕಾರ್ನ್‌ವಾಲ್ ಸೀಮೆಯ ಜನ ಹೆದರಿದ್ದಾರೆಂದು ಸರ್ ಪಿಯರ್ಸ್ ಎಡ್ಜ್‌ಕಂಬ್ 1539ರಲ್ಲಿ ಕ್ರಾಮ್‌ವೆಲ್‌ಗೆ ಪತ್ರವನ್ನೇ ಬರೆದ. ಆಗ ತೆರಿಗೆ ಬರಲಿಲ್ಲ. ಆದರೆ ಆ ಭಯ ಪೂರಾ ಸುಳ್ಳೆನ್ನಲೂ ಆಗದು: 1695ರಿಂದ ಹತ್ತು ವರ್ಷ ಕಾಲ, ಫ್ರಾನ್ಸ್ ಜೊತೆಗಿನ ಯುದ್ಧದ ಖರ್ಚಿಗಾಗಿ, ಸರ್ಕಾರ ಇದೇ ಮೂರಕ್ಕೂ ತೆರಿಗೆ ಹಾಕಿತು.

ಮೊದಮೊದಲು ಬಹಳ ಕಡೆ ಬಿಡಿ ಕಾಗದದ ಮೇಲೆ ಬರೆಯುತ್ತಿದ್ದರು. ಕಾಗದ ಬಾಳುವುದಿಲ್ಲ ಎಂಬುದು ಬೇಗ ಅರಿವಾಯಿತು. 1598ರಲ್ಲಿ ಎಲಿಜಬೆತ್ ರಾಣಿಯ ಕಾಲದ ಆಜ್ಞೆಯಂತೆ ಹಳೆಯ ದಾಖಲೆಗಳನ್ನು ಚರ್ಮದ ಹಾಳೆಗಳ ಪುಸ್ತಕಕ್ಕೆ ನಕಲು ಮಾಡಬೇಕಾಯಿತು. ಕನಿಷ್ಠ ರಾಣಿ ಪಟ್ಟಕ್ಕೆ ಬಂದ 1558ರಿಂದಲಾದರೂ ಮಾಡಲೇಬೇಕು ಎಂದಿತು ಆಜ್ಞೆ. ಎಷ್ಟೋ ಪಾದ್ರಿಗಳು ಆ ರಿಯಾಯಿತಿಯನ್ನೇ ಹಿಡಿದು ಹಿಂದಿನ ಇಪ್ಪತ್ತು ವರ್ಷಗಳನ್ನು ಕೈಬಿಟ್ಟರು. ಕಾಲಿಟನ್ನಿನಲ್ಲಿ ಮೊದಲ ವರ್ಷದ ದಾಖಲೆಯೇ ಉಳಿದಿರುವುದು ದೊಡ್ಡ ಭಾಗ್ಯ. ವರ್ಷಕ್ಕೊಂದು ಪ್ರತಿಯನ್ನು ಬಿಷಪ್ಪನ ಕಚೇರಿಗೆ ಕಳಿಸುವ ಪದ್ಧತಿಯೂ ಅದೇ ಆಜ್ಞೆಯಿಂದ ಬಂತು. ಮೂಲ ಕಳೆದ ಕಡೆ ಈ ಪ್ರತಿಗಳು ಆಸರೆಯಾಗುತ್ತವೆ. ಪ್ರತಿ ಕಳಿಸುವ ಅಭ್ಯಾಸವನ್ನು ಈಸ್ಟ್ ಇಂಡಿಯಾ ಕಂಪನಿ ಭಾರತಕ್ಕೂ ತಂದಿತು. ಬೆಂಗಳೂರು ದಂಡಿನ ಇಂಗ್ಲಿಷರ ಮದುವೆ ದಾಖಲೆಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಹದಿನಾರು, ಹದಿನೇಳನೇ ಶತಮಾನದ ಮದುವೆಯ ದಾಖಲೆ ಅರ್ಧ ಸಾಲಿನಷ್ಟು. ದಿನಾಂಕ, ಗಂಡಿನ ಹೆಸರು, ಹೆಣ್ಣಿನ ಹೆಸರು. ವಯಸ್ಸಿಲ್ಲ, ಕಸುಬಿಲ್ಲ, ತಂದೆತಾಯಿಯ ಸುಳಿವಿಲ್ಲ. ವರ್ಷ ಓದುವಲ್ಲೂ ಎಚ್ಚರ ಬೇಕು, ಏಕೆಂದರೆ 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1640ರ ಫೆಬ್ರವರಿ ಎಂದು ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 1641. ಅಂತರ್ಯುದ್ಧದ ವರ್ಷಗಳಲ್ಲಿ ದೇಶದ ಎಷ್ಟೋ ಪುಸ್ತಕಗಳಲ್ಲಿ ಹಾಳೆಗಳು ಖಾಲಿ ಉಳಿದವು. 1653ರಲ್ಲಿ ಪಾರ್ಲಿಮೆಂಟು ಮದುವೆ ಮಾಡಿಸುವ ಅಧಿಕಾರವನ್ನು ಪಾದ್ರಿಗಳಿಂದ ಕಿತ್ತು ಸ್ಥಳೀಯ ನ್ಯಾಯಾಧಿಕಾರಿಗಳಿಗೆ ಕೊಟ್ಟಿತು. 1660ರಲ್ಲಿ ರಾಜನ ಆಳ್ವಿಕೆ ಮರಳಿದಾಗ ಆ ಏರ್ಪಾಟೂ ಹೋಯಿತು.

ದೊಡ್ಡ ಬದಲಾವಣೆ ತಂದದ್ದು 1753ರಲ್ಲಿ ಲಾರ್ಡ್ ಹಾರ್ಡ್‌ವಿಕ್ ಮಾಡಿಸಿದ ಮದುವೆ ಕಾಯಿದೆ. ಅದಕ್ಕೆ ಮುಂಚೆ ಲಂಡನ್ನಿನ ಫ್ಲೀಟ್ ಜೈಲಿನ ಸುತ್ತಮುತ್ತ, ಯಾರೂ ಕೇಳದ ಪಾದ್ರಿಗಳು ದುಡ್ಡಿಗೆ ಗುಟ್ಟಿನ ಮದುವೆ ಮಾಡಿಸುತ್ತಿದ್ದರು. ಎರಡನೇ ಹೆಂಡತಿ ಬಂದಮೇಲೆ ಮೊದಲ ಮದುವೆಯೇ ಆಗಿಲ್ಲವೆಂದು ವಾದಿಸುವವರು, ಆಸ್ತಿಯುಳ್ಳ ಹುಡುಗಿಯನ್ನು ಪುಸಲಾಯಿಸಿ ಕರೆದೊಯ್ಯುವವರು ಕೋರ್ಟುಗಳನ್ನು ತುಂಬಿದ್ದರು. 1754ರ ಮಾರ್ಚ್ 25ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ ಮದುವೆ ಚರ್ಚಿನಲ್ಲೇ ನಡೆಯಬೇಕು. ಅದಕ್ಕೆ ಮುಂಚೆ ಮೂರು ಭಾನುವಾರ ಪ್ರಾರ್ಥನೆಯ ವೇಳೆ ಇಬ್ಬರ ಹೆಸರನ್ನೂ ಕೂಗಿ ಹೇಳಿ, ಆಕ್ಷೇಪವಿದ್ದವರು ಹೇಳಿಕೊಳ್ಳಲು ಅವಕಾಶ ಕೊಡಬೇಕು. ಇಲ್ಲವೇ ದುಡ್ಡು ಕಟ್ಟಿ ಬಿಷಪ್ಪನ ಲೈಸೆನ್ಸ್ ತರಬೇಕು. ಇಪ್ಪತ್ತೊಂದು ತುಂಬದವರು ಲೈಸೆನ್ಸಿನ ಮೇಲೆ ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು. ಮದುಮಗ, ಮದುಮಗಳು, ಪಾದ್ರಿ, ಇಬ್ಬರು ಸಾಕ್ಷಿಗಳು ಪುಸ್ತಕದಲ್ಲಿ ಸಹಿ ಹಾಕಬೇಕು. ದಾಖಲೆಯನ್ನು ತಿದ್ದಿದವನಿಗೆ, ಸುಳ್ಳು ದಾಖಲೆ ಸೃಷ್ಟಿಸಿದವನಿಗೆ ಮರಣದಂಡನೆ. ಕಾಯಿದೆ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಮನೆಯವರ ವಿರೋಧ ಕಟ್ಟಿಕೊಂಡ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡಿಹೋಗುತ್ತಿದ್ದವು.

ಕಾಲಿಟನ್ನಿನಂಥ ಊರಿನಲ್ಲಿ ಈ ಕಾಯಿದೆಯ ಪರಿಣಾಮ ಬೇರೆ ಬಗೆಯದು. ಅಧಿಕೃತ ಚರ್ಚನ್ನು ಒಪ್ಪದ ಪ್ರೆಸ್ಬಿಟೇರಿಯನ್ನರು ಅಲ್ಲಿ ಸಾಕಷ್ಟಿದ್ದರು. ಅವರು ಮಕ್ಕಳ ದೀಕ್ಷಾಸ್ನಾನವನ್ನು ತಮ್ಮದೇ ಸಭಾಮಂದಿರದಲ್ಲಿ ಮಾಡಿಸುತ್ತಿದ್ದುದರಿಂದ ಆ ಮಕ್ಕಳ ಹೆಸರು ಪ್ಯಾರಿಷ್ ಪುಸ್ತಕಕ್ಕೆ ಬರದೆ ಹೋಗುತ್ತಿತ್ತು. ಮದುವೆಗೆ ಮಾತ್ರ 1754ರ ನಂತರ ಕ್ವೇಕರರು, ಯೆಹೂದ್ಯರನ್ನು ಬಿಟ್ಟು ಎಲ್ಲರೂ ಪ್ಯಾರಿಷ್ ಚರ್ಚಿಗೇ ಬರಬೇಕಾಯಿತು. ಹೀಗಾಗಿ 1754ರಿಂದ 1837ರವರೆಗಿನ ಮೂರು ಪುಸ್ತಕಗಳ ಪೈಕಿ ಅತ್ಯಂತ ನಂಬಿಕೆಗೆ ಅರ್ಹವಾದದ್ದು ಮದುವೆಯದೇ.

ಆ ಪುಸ್ತಕದ ಸಹಿಗಳಿಗೆ ತಮ್ಮದೇ ಬೆಲೆಯಿದೆ. ಬರೆಯಲು ಬಾರದವರು ಹೆಸರಿನ ಬದಲು ಒಂದು ಗುಣಾಕಾರದ ಗುರುತು ಹಾಕುತ್ತಿದ್ದರು. ಇತಿಹಾಸಕಾರ ರೋಜರ್ ಸ್ಕೋಫೀಲ್ಡ್ ಇಂಗ್ಲೆಂಡಿನ 274 ಪ್ಯಾರಿಷ್‌ಗಳ ಮದುವೆ ಪುಸ್ತಕಗಳಲ್ಲಿ ಸಹಿಗಳನ್ನೂ ಗುರುತುಗಳನ್ನೂ ಎಣಿಸಿದರು. ಹದಿನೆಂಟನೇ ಶತಮಾನದ ನಡುವೆ ಗಂಡಸರಲ್ಲಿ ಸುಮಾರು ಶೇ 40, ಹೆಂಗಸರಲ್ಲಿ ಶೇ 60ಕ್ಕೂ ಹೆಚ್ಚು ಮಂದಿಗೆ ಸಹಿ ಬರುತ್ತಿರಲಿಲ್ಲ. 1840ರ ಹೊತ್ತಿಗೆ ಗಂಡಸರಲ್ಲಿ ಮೂರರಲ್ಲೊಬ್ಬರಿಗೆ, ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಬರುತ್ತಿರಲಿಲ್ಲ. ಆಗ ಓದುವುದನ್ನು ಮೊದಲು, ಬರೆಯುವುದನ್ನು ಆಮೇಲೆ ಕಲಿಸುತ್ತಿದ್ದುದರಿಂದ, ಗುರುತು ಹಾಕಿದವರೆಲ್ಲ ಓದು ಬಾರದವರೆಂದು ಹೇಳುವಂತಿಲ್ಲ. ಆದರೂ ಬೇರೆ ಯಾವ ಕಾಗದದಲ್ಲೂ ಕೈಬರಹ ಉಳಿಸದ ಒಬ್ಬ ಕೂಲಿಯವಳ ಬದುಕಿನ ಏಕೈಕ ಲಿಖಿತ ಚಿಹ್ನೆ ಅದು. ಅದನ್ನು ಎಣಿಸುವ ಯೋಚನೆ ಬಂದದ್ದೇ ದೊಡ್ಡದು.

ಕಾಲಿಟನ್ನಿನ ಪುಸ್ತಕಗಳನ್ನು ಡೆವನ್ ಮತ್ತು ಕಾರ್ನ್‌ವಾಲ್ ರೆಕಾರ್ಡ್ ಸೊಸೈಟಿ 1928ರಲ್ಲಿ ಅಚ್ಚು ಹಾಕಿಸಿತು. ವಂಶದ ಬೇರು ಹುಡುಕುವವರಿಗೆ ನೆರವಾಗಲಿ ಎಂಬುದಷ್ಟೇ ಅಂಥ ಪ್ರಕಟಣೆಗಳ ಉದ್ದೇಶ. 1964ರಲ್ಲಿ ಪೀಟರ್ ಲ್ಯಾಸ್ಲೆಟ್ ಮತ್ತು ಟೋನಿ ರಿಗ್ಲಿ ಕೇಂಬ್ರಿಜ್‌ನಲ್ಲಿ ಜನಸಂಖ್ಯೆ ಮತ್ತು ಸಾಮಾಜಿಕ ರಚನೆಯ ಇತಿಹಾಸಕ್ಕಾಗಿ ಒಂದು ತಂಡ ಕಟ್ಟಿದರು. ಫ್ರಾನ್ಸಿನ ಲೂಯಿ ಆನ್ರಿ ನಾರ್ಮಂಡಿಯ ಕ್ರ್ಯುಲೈ ಹಳ್ಳಿಯ ಮೇಲೆ ಪ್ರಯೋಗಿಸಿದ್ದ ಕುಟುಂಬ ಪುನಾರಚನೆಯ ವಿಧಾನವನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಲು ರಿಗ್ಲಿ ಆರಿಸಿಕೊಂಡದ್ದು ಕಾಲಿಟನ್ನನ್ನು.

ವಿಧಾನ ಹೇಳಲು ಸುಲಭ, ಮಾಡಲು ತಾಳ್ಮೆ ಬೇಕು. ಪ್ರತಿ ಮದುವೆಗೂ ಒಂದು ಹಾಳೆ. ಮದುಮಗಳ ದೀಕ್ಷಾಸ್ನಾನದ ದಾಖಲೆ ಹಿಂದಿನ ಪುಸ್ತಕದಲ್ಲಿ ಸಿಕ್ಕರೆ ಮದುವೆಯ ಹೊತ್ತಿನ ಅವಳ ವಯಸ್ಸು ತಿಳಿಯುತ್ತದೆ. ಮುಂದಿನ ಪುಸ್ತಕಗಳಲ್ಲಿ ಅವಳ ಮಕ್ಕಳ ದೀಕ್ಷಾಸ್ನಾನಗಳು ಸಿಕ್ಕರೆ ಮೊದಲ ಹೆರಿಗೆ ಯಾವಾಗ, ಎರಡು ಹೆರಿಗೆಗಳ ನಡುವೆ ಎಷ್ಟು ಅಂತರ, ಕೊನೆಯ ಮಗು ಯಾವ ವಯಸ್ಸಿಗೆ ಎಂಬುದು ಗೊತ್ತಾಗುತ್ತದೆ. ಸಮಾಧಿಯ ಪುಸ್ತಕ ಕೂಸುಗಳ ಸಾವನ್ನೂ ಗಂಡ ಅಥವಾ ಹೆಂಡತಿಯ ಸಾವನ್ನೂ ಹೇಳುತ್ತದೆ. ಊರಿನಲ್ಲಿ ಒಂದೇ ಹೆಸರಿನ ನಾಲ್ಕಾರು ಜಾನ್‌ಗಳು, ಮೇರಿಗಳು ಇದ್ದಾಗ ಯಾವ ಕೂಸು ಯಾರದೆಂದು ತೀರ್ಮಾನಿಸುವುದೇ ಕಷ್ಟ. ಮದುವೆ ಸಾಮಾನ್ಯವಾಗಿ ಹೆಣ್ಣಿನ ಊರಿನಲ್ಲಿ ನಡೆಯುತ್ತಿದ್ದುದರಿಂದ, ಮದುವೆಯ ಮರುದಿನವೇ ಬೇರೆ ಪ್ಯಾರಿಷ್‌ಗೆ ಹೊರಟು ಹೋದ ಜೋಡಿಗಳ ಜಾಡು ಅಲ್ಲಿಗೆ ನಿಲ್ಲುತ್ತದೆ. ಊರಿನಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮಣ್ಣಾದವರ ಕಥೆ ಮಾತ್ರ ಪೂರ್ತಿ ಸಿಗುತ್ತದೆ. ವಲಸೆ ಹೋದವರ ಬದುಕೂ ಹೀಗೆಯೇ ಇತ್ತೇ ಎಂಬ ಅನುಮಾನ ಈ ವಿಧಾನದ ಬೆನ್ನಿಗೆ ಇದ್ದೇ ಇದೆ.

1966ರಲ್ಲಿ ರಿಗ್ಲಿ ಫಲಿತಾಂಶ ಪ್ರಕಟಿಸಿದರು. 1560ರಿಂದ 1646ರ ನಡುವೆ ಕಾಲಿಟನ್ನಿನ ಹೆಣ್ಣುಮಕ್ಕಳು ಮೊದಲ ಮದುವೆಯಾಗುತ್ತಿದ್ದ ಸರಾಸರಿ ವಯಸ್ಸು 27. 1647ರಿಂದ 1719ರ ನಡುವೆ ಅದು 29.6ಕ್ಕೆ ಏರಿತು. ಅದೇ ಅವಧಿಯಲ್ಲಿ ಗಂಡಸರ ಸರಾಸರಿ 27.7 ಮಾತ್ರ, ಅಂದರೆ ಹೆಂಡತಿ ಗಂಡನಿಗಿಂತ ಸರಾಸರಿ ಎರಡು ವರ್ಷ ದೊಡ್ಡವಳು. ಆಮೇಲೆ ಹೆಣ್ಣಿನ ಸರಾಸರಿ ಇಳಿಯುತ್ತಾ 1770ರಿಂದ 1837ರ ಅವಧಿಗೆ 25ರ ಹತ್ತಿರ ಬಂತು. ಹಿಂದಿನವರೆಲ್ಲ ಎಳೆಯ ವಯಸ್ಸಿಗೇ ಮದುವೆಯಾಗುತ್ತಿದ್ದರು ಎಂಬುದು ಇಂಗ್ಲೆಂಡಿನಲ್ಲೂ ಬೇರೂರಿದ್ದ ನಂಬಿಕೆ. ಶೇಕ್ಸ್‌ಪಿಯರನ ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಕಾನೂನಿನಲ್ಲೂ 1929ರವರೆಗೆ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾಲ್ಕು ತುಂಬಿದ್ದರೆ ಮದುವೆಗೆ ಅಡ್ಡಿಯಿರಲಿಲ್ಲ. ಪುಸ್ತಕಗಳು ತೋರಿಸಿದ್ದು ಬೇರೆಯೇ ಲೋಕ. ನಾಟಕವನ್ನೂ ಕಾನೂನನ್ನೂ ನಂಬಿ ಜನಜೀವನವನ್ನು ಊಹಿಸುವುದು ಎಷ್ಟು ಅಪಾಯವೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಸಿಗುವುದು ಕಷ್ಟ.

ತಡವಾದ ಮದುವೆಯ ಕಾರಣ ಮನೆ ಹೂಡುವ ಪದ್ಧತಿಯಲ್ಲಿತ್ತು. ಮದುವೆಯಾದ ಜೋಡಿ ಗಂಡಿನ ತಂದೆತಾಯಿಯ ಮನೆಗೆ ಸೇರುತ್ತಿರಲಿಲ್ಲ. ಬೇರೆ ಸಂಸಾರ ಹೂಡಬೇಕಿತ್ತು. ಅದಕ್ಕೆ ಸೂರು, ಪಾತ್ರೆಪಗಡ, ಸಾಧ್ಯವಾದರೆ ಒಂದು ಹಸು, ಒಂದಿಷ್ಟು ಗೇಣಿ ಜಮೀನು ಬೇಕು. ಹದಿಹರೆಯದಲ್ಲೇ ಮನೆ ಬಿಟ್ಟು ಬೇರೆ ರೈತರ ಮನೆಗಳಲ್ಲಿ ವರ್ಷದ ಕರಾರಿನ ಮೇಲೆ ಆಳಾಗಿ, ಮನೆಗೆಲಸದವಳಾಗಿ ದುಡಿದು, ಹತ್ತು ವರ್ಷ ಕೂಡಿಟ್ಟ ಮೇಲೆ ಮದುವೆಯ ಮಾತು. ಧಾನ್ಯದ ಬೆಲೆ ಏರಿ ಕೂಲಿಯ ಬೆಲೆ ಕುಸಿದ ಕಾಲದಲ್ಲಿ ಮದುವೆ ಮುಂದಕ್ಕೆ ಹೋಗುತ್ತಿತ್ತು, ಕೆಲವರಿಗೆ ಆಗುತ್ತಲೇ ಇರಲಿಲ್ಲ. ಹೀಗೆ ಮದುವೆಯ ವಯಸ್ಸೇ ಜನಸಂಖ್ಯೆಗೆ ಲಗಾಮು ಹಾಕುತ್ತಿತ್ತು. ಈ ಲಗಾಮಿನ ಬಗ್ಗೆ ಮೊದಲು ವಿಸ್ತಾರವಾಗಿ ಬರೆದ ಥಾಮಸ್ ರಾಬರ್ಟ್ ಮಾಲ್ತಸ್ ಸ್ವತಃ ಸರ್ರೆಯ ಓಕ್‌ವುಡ್ ಎಂಬಲ್ಲಿ ಉಪಪಾದ್ರಿಯಾಗಿದ್ದವನು. 1805ರಿಂದ ಅವನು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ. ಬಳ್ಳಾರಿ, ಧಾರವಾಡದಂಥ ಜಿಲ್ಲೆಗಳಿದ್ದ ಮದರಾಸು, ಬೊಂಬಾಯಿ ಪ್ರಾಂತ್ಯಗಳಿಗೆ ಅಧಿಕಾರಿಗಳು ತಯಾರಾಗಿ ಬರುತ್ತಿದ್ದುದು ಅದೇ ಕಾಲೇಜಿನಿಂದ.

ರಿಗ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ಲೇಗಿನ ನಂತರದ ಎಪ್ಪತ್ತು ವರ್ಷಗಳಲ್ಲಿ, ಮೂವತ್ತು ದಾಟಿದ ಹೆಂಗಸರ ಹೆರಿಗೆಗಳು ಮೊದಲಿಗಿಂತ ಗಣನೀಯವಾಗಿ ಇಳಿದಿದ್ದನ್ನು ಕಂಡು, ಕಾಲಿಟನ್ನಿನ ದಂಪತಿಗಳು ಬೇಕೆಂದೇ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸಿದರು ಎಂದು ವಾದಿಸಿದರು. ಈ ವಾದದ ಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಿತು. ಪ್ರೆಸ್ಬಿಟೇರಿಯನ್ ಕುಟುಂಬಗಳ ಮಕ್ಕಳು ಪುಸ್ತಕದಿಂದ ತಪ್ಪಿಹೋದದ್ದೇ ಹೆರಿಗೆ ಕಡಿಮೆಯೆಂಬ ಭ್ರಮೆ ಹುಟ್ಟಿಸಿತೇ, ಬಡತನ ಮತ್ತು ಅಪೌಷ್ಟಿಕತೆ ಕಾರಣವೇ ಎಂಬ ಪ್ರಶ್ನೆಗಳು ಬಂದವು. ಇಡೀ ದೇಶಕ್ಕೆ ಈ ವಾದ ಒಪ್ಪುವುದಿಲ್ಲ ಎಂಬುದು ಮುಂದೆ ಇತರ ಪ್ಯಾರಿಷ್‌ಗಳ ಅಧ್ಯಯನದಿಂದ ಸ್ಪಷ್ಟವಾಯಿತು. ತಡವಾದ ಮದುವೆಯ ಅಂಕಿಗಳನ್ನು ಮಾತ್ರ ಯಾರೂ ಅಲುಗಾಡಿಸಲಿಲ್ಲ.

ಹೆಂಡತಿ ದೊಡ್ಡವಳಾಗಿದ್ದ ಆ ಕಾಲಕ್ಕೆ ಊರಿನ ಕಸುಬಿನಿಂದಲೇ ವಿವರಣೆ ಕೊಟ್ಟವರು ಇತಿಹಾಸಕಾರ್ತಿ ಪಮೇಲಾ ಶಾರ್ಪ್. ಉಣ್ಣೆ ಬಟ್ಟೆಯ ನೇಯ್ಗೆ ಮತ್ತು ಹಾನಿಟನ್ ಲೇಸ್ ಎಂದು ಹೆಸರಾದ ಹೆಣಿಗೆಯ ಕೆಲಸ ಆ ಸೀಮೆಯಲ್ಲಿ ಹಬ್ಬಿತ್ತು. ದಿಂಬಿನ ಮೇಲೆ ಕಡ್ಡಿಗಳಿಗೆ ಸುತ್ತಿದ ನೂಲನ್ನು ಹೆಣೆದು ಮಾಡುವ ಲೇಸ್ ಬಹುಮಟ್ಟಿಗೆ ಹೆಂಗಸರ, ಹುಡುಗಿಯರ ಕೆಲಸ. ಅದರಿಂದ ಹೆಣ್ಣುಮಕ್ಕಳು ಊರಿನಲ್ಲೇ ಉಳಿದರು, ಸುತ್ತಲಿನಿಂದಲೂ ಬಂದರು. ಗಂಡುಹುಡುಗರು ಕೆಲಸ ಹುಡುಕಿ ಹೊರಗೆ ಹೋದರು. ಊರಿನಲ್ಲಿ ಗಂಡಿಗಿಂತ ಹೆಣ್ಣು ಹೆಚ್ಚಾಯಿತು. ಅರ್ಧ ಸಾಲಿನ ದಾಖಲೆಗಳಿಗೆ ಕಸುಬಿನ ಲೆಕ್ಕವನ್ನೂ ಬಡವರ ಪೋಷಣೆಯ ಲೆಕ್ಕವನ್ನೂ ಜೋಡಿಸಿದಾಗ ಮಾತ್ರ ಅಂಕಿಗಳ ಹಿಂದಿನ ಮನುಷ್ಯರು ಕಾಣುತ್ತಾರೆ.

ಬಡವರ ಲೆಕ್ಕದಲ್ಲಿ ನೋವಿನ ವಿಷಯಗಳೂ ಇವೆ. 1662ರ ಕಾನೂನಿನಂತೆ ಬಡವರಿಗೆ ಅನ್ನ ಕೊಡುವ ಹೊಣೆ ಅವರು ಸೇರಿದ ಪ್ಯಾರಿಷ್‌ನದು. ಮದುವೆಯಾದ ಹೆಂಗಸು ಗಂಡನ ಪ್ಯಾರಿಷ್‌ಗೆ ಸೇರುತ್ತಾಳೆ. ಮದುವೆಯಿಲ್ಲದೆ ಬಸಿರಾದ ಬಡ ಹುಡುಗಿಯನ್ನು ಸಾಕುವ ಖರ್ಚು ತಪ್ಪಿಸಲು, ಅವಳು ಹೆಸರಿಸಿದ ಪರವೂರಿನ ಗಂಡಸನ್ನು ಹಿಡಿಸಿ ತಂದು ತಾಳಿಕೊಳ್ಳಲಾಗದ ಆಯ್ಕೆ ಮುಂದಿಡುತ್ತಿದ್ದರು: ಮದುವೆ ಅಥವಾ ಜೈಲು. 1733ರ ಕಾಯಿದೆ ಇದಕ್ಕೆ ಬಲ ಕೊಟ್ಟಿತು. ಲೈಸೆನ್ಸಿನ ಹಣ, ಉಂಗುರ, ಮದುವೆ ಊಟದ ಖರ್ಚನ್ನು ಅಧಿಕಾರಿಗಳೇ ಕೊಟ್ಟ ನಮೂದುಗಳು ಎಷ್ಟೋ ಪ್ಯಾರಿಷ್‌ಗಳ ಲೆಕ್ಕಪುಸ್ತಕಗಳಲ್ಲಿವೆ. ಮದುವೆ ಪುಸ್ತಕದಲ್ಲಾದರೋ ಅಂಥ ಮದುವೆಯೂ ಒಲಿದು ಆದ ಮದುವೆಯೂ ಒಂದೇ ತೆರನಾದ ಸಾಲು. ಪುಸ್ತಕದ ಮೇಲೆ ಎಷ್ಟೇ ಗೌರವವಿದ್ದರೂ ಈ ಮಿತಿಯನ್ನು ಮರೆಯಬಾರದು.

ಯಾವ ತಿಂಗಳಲ್ಲಿ ಮದುವೆ ಎಂಬುದೂ ಬೇಸಾಯದ ಕಥೆ ಹೇಳುತ್ತದೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮದುವೆ ನಿಷಿದ್ಧವಾಗಿತ್ತಾದ್ದರಿಂದ ಮಾರ್ಚ್ ತಿಂಗಳು ಬಹುಮಟ್ಟಿಗೆ ಖಾಲಿ. ಧಾನ್ಯ ಬೆಳೆಯುವ ಸೀಮೆಗಳಲ್ಲಿ ಸುಗ್ಗಿ ಮುಗಿದು ಕರಾರಿನ ಕೂಲಿ ಕೈಗೆ ಬಂದ ಅಕ್ಟೋಬರ್, ನವೆಂಬರಿನಲ್ಲಿ ಮದುವೆಗಳು ಹೆಚ್ಚು. ದನಕುರಿ ಸಾಕುವ ಕಡೆ ಕರುಮರಿಗಳು ಹುಟ್ಟಿ ಕೆಲಸ ಹಗುರಾದ ವಸಂತದ ಕೊನೆಗೆ ಹೆಚ್ಚು. ಆನ್ ಕುಸ್‌ಮಾಲ್ ಎಂಬ ವಿದುಷಿ ಬರೀ ಈ ತಿಂಗಳುಗಳ ಏರಿಳಿತ ಹಿಡಿದು, ಯಾವ ಸೀಮೆ ಯಾವಾಗ ಧಾನ್ಯ ಬಿಟ್ಟು ಪಶುಪಾಲನೆಗೆ ಹೊರಳಿತೆಂದು ಗುರುತಿಸಿದರು.

ಒಂದೇ ಊರಿನ ಫಲಿತಾಂಶ ಇಡೀ ದೇಶದ್ದಾಗಲಾರದು. ಆ ಕೊರತೆ ನೀಗಲು ಕೇಂಬ್ರಿಜ್ ತಂಡಕ್ಕೆ ನೆರವಾದವರು ಊರೂರಿನ ಹವ್ಯಾಸಿ ಇತಿಹಾಸಪ್ರಿಯರು. ಸಂಬಳವಿಲ್ಲದೆ ತಮ್ಮ ಊರಿನ ಪುಸ್ತಕಗಳ ಮುಂದೆ ಕೂತು ತಿಂಗಳು ತಿಂಗಳಿನ ಮದುವೆ, ದೀಕ್ಷಾಸ್ನಾನ, ಸಮಾಧಿಗಳನ್ನು ಎಣಿಸಿ ಕಳಿಸಿದರು. ಹಾಗೆ ಬಂದ 404 ಪ್ಯಾರಿಷ್‌ಗಳ ಎಣಿಕೆಯ ಮೇಲೆ 1981ರಲ್ಲಿ ರಿಗ್ಲಿ ಮತ್ತು ಸ್ಕೋಫೀಲ್ಡ್ ಇಂಗ್ಲೆಂಡಿನ ಮುನ್ನೂರು ವರ್ಷಗಳ ಜನಸಂಖ್ಯೆಯ ಇತಿಹಾಸ ಬರೆದರು. 1997ರಲ್ಲಿ ಕಾಲಿಟನ್ ಸೇರಿದಂತೆ 26 ಪ್ಯಾರಿಷ್‌ಗಳ ಕುಟುಂಬ ಪುನಾರಚನೆ ಬಂತು. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಜನಸಂಖ್ಯೆ ಐವತ್ತು ಲಕ್ಷದ ಆಸುಪಾಸಿನಿಂದ ಎಂಬತ್ತಾರು ಲಕ್ಷ ದಾಟಿದ್ದಕ್ಕೆ ಸಾವು ಇಳಿದದ್ದಕ್ಕಿಂತ ದೊಡ್ಡ ಕಾರಣ, ಹೆಣ್ಣುಮಕ್ಕಳು ಒಂದೆರಡು ವರ್ಷ ಮುಂಚೆ ಮದುವೆಯಾಗತೊಡಗಿದ್ದು ಎಂಬ ತೀರ್ಮಾನ ಈ ಕೆಲಸದಿಂದ ಬಂದದ್ದು.

1837ರ ಜುಲೈ 1ರಿಂದ ಸರ್ಕಾರವೇ ಹುಟ್ಟು, ಮದುವೆ, ಸಾವುಗಳ ನೋಂದಣಿ ಶುರುಮಾಡಿತು. ಚರ್ಚಿನ ಮದುವೆ ಪುಸ್ತಕ ನಿಲ್ಲಲಿಲ್ಲ. ಅದು ಎರಡು ಪ್ರತಿಯ ಹೊಸ ನಮೂನೆಗೆ ಬದಲಾಯಿತು. ವಯಸ್ಸು, ಕಸುಬು, ವಿಳಾಸ, ಇಬ್ಬರ ತಂದೆಯರ ಹೆಸರು ಮತ್ತು ಕಸುಬು ಸೇರಿದವು. ತಾಯಂದಿರ ಹೆಸರಿಗೆ ಕಾಲಂ ಇರಲಿಲ್ಲ. 1978ರ ಚರ್ಚ್ ಕಾನೂನಿನ ಬಳಿಕ ಹಳೆಯ ಪುಸ್ತಕಗಳು ಕೌಂಟಿ ದಾಖಲೆ ಭಂಡಾರಗಳಿಗೆ ಹೋದವು. ಡೆವನ್ನಿನ ಭಂಡಾರ ಇರುವುದು ಎಕ್ಸೆಟರಿನಲ್ಲಿ. ಅದೇ ಎಕ್ಸೆಟರಿನಲ್ಲಿ 1942ರ ಮೇ ತಿಂಗಳ ಜರ್ಮನ್ ಬಾಂಬ್ ದಾಳಿಗೆ ಕೌಂಟಿಯ ಹಳೆಯ ಉಯಿಲುಗಳ ರಾಶಿಯೇ ಸುಟ್ಟುಹೋಗಿದೆ. ಹಾಗಾಗಿ ಅಲ್ಲಿನ ಬಡ, ಮಧ್ಯಮ ಕುಟುಂಬಗಳನ್ನು ಅರಿಯಲು ಪ್ಯಾರಿಷ್ ಪುಸ್ತಕಗಳ ಬೆಲೆ ಇನ್ನೂ ಹೆಚ್ಚಿದೆ. 2021ರ ಮೇ 4ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚರ್ಚಿನ ಮದುವೆ ಪುಸ್ತಕವನ್ನು ಮುಚ್ಚಲಾಯಿತು. ಈಗ ಜೋಡಿ ಒಂದು ಹಾಳೆಗೆ ಸಹಿ ಹಾಕುತ್ತದೆ, ವಿವರಗಳು ಸರ್ಕಾರದ ಎಲೆಕ್ಟ್ರಾನಿಕ್ ರಿಜಿಸ್ಟರಿಗೆ ಸೇರುತ್ತವೆ. ಅದೇ ಬದಲಾವಣೆಯೊಂದಿಗೆ ಮದುಮಕ್ಕಳ ತಾಯಂದಿರ ಹೆಸರೂ ಮದುವೆ ದಾಖಲೆಯಲ್ಲಿ ಬರತೊಡಗಿತು.